ಹಳೇ ಮಾರುತಿ ವ್ಯಾನಿಗೆ ಹೊಸ ವೈರಿಂಗು: ಫ್ಯೂಜ್ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿ

ಭಾರತ ಹುಣ್ಣಿಮೆ ಬಂತೆಂದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವ ರೂಢಿ ಬಹಳ ಹಳೆಯದು. ಹಾಸಿಗೆ, ಪಾತ್ರೆ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎತ್ತಿಗೆ ಕಣಿಕಿ, ಎಲ್ಲವೂ ಗಾಡಿಯಲ್ಲೇ. ಕತ್ತಲಾದಲ್ಲಿ ಕೊಳ್ಳು ಹರಿದು, ಮೂರು ಕಲ್ಲಿಟ್ಟು ಒಲೆ ಹೂಡಿ, ಗಾಡಿ ಕೆಳಗೆ ಮಲಗಿ, ಬೆಳಗಾದರೆ ಮತ್ತೆ ಪ್ರಯಾಣ. ಈಗ ಚಕ್ಕಡಿ ಜಾಗಕ್ಕೆ ಟ್ರ್ಯಾಕ್ಟರ್, ಟೆಂಪೊ ಬಂದಿವೆ ಅಷ್ಟೇ. ಮೊಬೈಲಿನ ರೀಲ್ಸ್‌ನಲ್ಲಿ ‘ವ್ಯಾನ್ ಲೈಫ್’ ಅಂತ ನಾವು ಕಣ್ಣರಳಿಸಿ ನೋಡೋದನ್ನ ನಮ್ಮ ಅಜ್ಜಿಯರು ಹೆಸರಿಲ್ಲದೆ ಮಾಡಿ ಮುಗಿಸಿದ್ದಾರೆ.

ಒಂದೇ ಒಂದು ವ್ಯತ್ಯಾಸ ಇದೆ. ಚಕ್ಕಡಿಗೆ ವೈರ್ ಇರಲಿಲ್ಲ. ರಾತ್ರಿ ಗಾಡಿಗೆ ಕಟ್ಟಿದ ಕಂದೀಲು, ಅಷ್ಟೇ ಅದರ ‘ಎಲೆಕ್ಟ್ರಿಕಲ್ ಸಿಸ್ಟಂ’. ಈಗಿನ ವ್ಯಾನಿನಲ್ಲಿ ಫ್ಯಾನ್ ಬೇಕು, ಲೈಟ್ ಬೇಕು, ಲ್ಯಾಪ್‌ಟಾಪ್ ಚಾರ್ಜ್ ಆಗಬೇಕು. ಇವೆಲ್ಲ ಪೆಟ್ರೋಲ್ ಟ್ಯಾಂಕ್ ಇರುವ ತಗಡಿನ ಡಬ್ಬಿಯೊಳಗೆ, ಇಬ್ಬರು ಮಲಗಿರುವಾಗ ನಡೀಬೇಕು.

ತಾಂಬಾದ ನಮ್ಮ ಮನೆ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ನಿಂತಿದ್ದ ಹಳೇ ಮಾರುತಿ ವ್ಯಾನನ್ನು ಮಲಗಿ ಏಳುವ ವ್ಯಾನ್ ಮಾಡಿಕೊಳ್ಳೋಣ ಅಂತ ನಾನೂ ನಮ್ಮ ಮನೆಯವರೂ ಹೊರಟಾಗ, ಹೆಚ್ಚು ಸಮಯ ಹಿಡಿದದ್ದು ಬಣ್ಣವೂ ಅಲ್ಲ, ಮಂಚವೂ ಅಲ್ಲ, ಈ ವೈರಿಂಗೇ. ಇಂಥ ಕೆಲಸಕ್ಕೆ ಕೈ ಹಾಕೋ ಆಸೆ ನಿಮಗೂ ಇದ್ದರೆ, ಕೆಲವು ವಿಷಯ ಮೊದಲೇ ತಿಳಿದಿರಲಿ ಅಂತ ಈ ಬರಹ.

ಯಾಕೆ ಓಮ್ನಿ?

ಮಾರುತಿ ವ್ಯಾನ್ ಬಂದದ್ದು 1984ರಲ್ಲಿ. 1988ರ ಹೊತ್ತಿಗೆ ಅದಕ್ಕೆ ಓಮ್ನಿ ಅಂತ ಹೆಸರಾಯ್ತು, 2019ರಲ್ಲಿ ತಯಾರಿಕೆ ನಿಂತಿತು. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಎರಡೂ ಕಡೆ ಸರಿಯುವ ಬಾಗಿಲು. ಶಾಲೆ ಮಕ್ಕಳಿಂದ ಹಿಡಿದು ಸಿನಿಮಾದ ಕಿಡ್ನ್ಯಾಪ್ ಸೀನ್‌ವರೆಗೆ ಇದು ಹೊರದ ಭಾರ ಇಲ್ಲ. ನಮ್ಮ ಮಾವನವರ ವ್ಯಾನ್ ತೋಟದಿಂದ ಇಂಡಿ ಪೇಟೆಗೆ ಲಿಂಬಿಹಣ್ಣಿನ ಚೀಲ ಹೊತ್ತೇ ಹಳೇದಾದದ್ದು.

ಕ್ಯಾಂಪರ್ ಮಾಡಲು ಇದು ದೊಡ್ಡ ಗಾಡಿಯೇನಲ್ಲ. ಒಟ್ಟು ಉದ್ದವೇ ಮೂರೂ ಕಾಲು ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಆರಡಿ ಮನುಷ್ಯ ಕಾಲು ಚಾಚಿ ಮಲಗೋದು ಕಷ್ಟ. ಆದರೆ ಬಿಡಿಭಾಗ ತಾಲ್ಲೂಕು ಊರಲ್ಲೂ ಸಿಗುತ್ತೆ, ಎಲ್ಲ ಗ್ಯಾರೇಜಿನವರಿಗೂ ಇದರ ನಾಡಿ ಗೊತ್ತು. ಕಂಪ್ಯೂಟರ್ ಕಡಿಮೆ ಇರುವ ಗಾಡಿ ಆದ್ದರಿಂದ ವೈರ್ ಹಿಡಿದು ಕಲಿಯೋರಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

ಮೊದಲು ಆರ್‌ಸಿ, ಆಮೇಲೆ ಸ್ಕ್ರೂಡ್ರೈವರ್

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಮುಗಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ, ಫಿಟ್ ಅನಿಸಿಕೊಂಡರೆ 5 ವರ್ಷಕ್ಕೆ ಮುಂದುವರಿಕೆ. ಮೊದಲು ಕಾರಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಅದನ್ನ 10,000ಕ್ಕೆ ಏರಿಸಿದರು. ಹಸಿರು ತೆರಿಗೆ ಬೇರೆ. ಈ ಲೆಕ್ಕ ಹಾಕದೆ ಅಗ್ಗಕ್ಕೆ ಸಿಕ್ತು ಅಂತ ಹಳೇ ವ್ಯಾನ್ ಕೊಂಡರೆ ಅಂಗಳದಲ್ಲೇ ಕ್ಯಾಂಪಿಂಗ್ ಮಾಡಬೇಕಾಗುತ್ತೆ.

ಎರಡನೇದು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರೋದಕ್ಕೂ ವ್ಯತ್ಯಾಸ ಆಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು. ಕಂಪನಿಗಳು ಮಾರುವ ಪೂರ್ಣ ಪ್ರಮಾಣದ ಕ್ಯಾರವಾನ್‌ಗೆ ‘ಎಐಎಸ್-124’ ಅನ್ನೋ ಪ್ರತ್ಯೇಕ ಮಾನದಂಡವೇ ಇದೆ. ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯಿಂದ ಪಾಸಾಗಬೇಕು.

ಹಾಗಂದ್ರೆ ನಮ್ಮಂಥವರು ಏನೂ ಮಾಡಬಾರದೇ? ಮಾಡಬಹುದು, ಮಿತಿಯೊಳಗೆ. ತಗಡು ಕತ್ತರಿಸಿ ಮೇಲ್ಚಾವಣಿ ಎತ್ತರಿಸೋದು, ಸೀಟು ಕಿತ್ತೆಸೆದು ಮಂಚ ಬೆಸುಗೆ ಹಾಕೋದು ಬೇಡ. ನಮ್ಮ ವ್ಯಾನಿನ ಮಂಚ ಪ್ಲೈವುಡ್ಡಿನ ತುಂಡುಗಳು. ಬೇಕಾದಾಗ ಜೋಡಿಸಿ, ಬೇಡವಾದಾಗ ಹಿಂದಿನ ಬಾಗಿಲಿಂದ ಇಳಿಸೋದು. ಲೈಟು, ಫ್ಯಾನು, ಬ್ಯಾಟರಿ ಎಲ್ಲ ಒಂದು ಪೆಟ್ಟಿಗೆಯಲ್ಲಿ, ಗಾಡಿಯ ಮೂಲ ವೈರಿಂಗ್‌ಗೆ ಆದಷ್ಟು ಕೈ ತಾಗಿಸದ ಹಾಗೆ. ಏನು ಸೇರಿಸ್ತಿದೀವಿ ಅಂತ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ, ಬೇಕಾದ ದಿನವೇ ಕ್ಲೇಮ್ ತಿರಸ್ಕಾರ ಆಗಬಹುದು.

ದುಡ್ಡು ಹಾಕೋ ಸಾಲು ಹೀಗಿರಲಿ: ಮೊದಲು ಬ್ರೇಕು ಮತ್ತು ಟಯರು, ಆಮೇಲೆ ಪೆಟ್ರೋಲ್ ಪೈಪು, ಆಮೇಲೆ ತುಕ್ಕು, ಆಮೇಲೆ ವೈರು. ಪರದೆ, ಫೇರಿ ಲೈಟು ಕಟ್ಟಕಡೆಗೆ.

ಒಳಗಿನ ಗಂಟು

ಹತ್ತು ಹದಿನೈದು ವರ್ಷದ ಗಾಡಿಯಲ್ಲಿ ಕಂಪನಿ ಹಾಕಿದ ವೈರಿಗಿಂತ ಆಮೇಲೆ ಸೇರಿದ ವೈರೇ ಹೆಚ್ಚು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದರೆ ನಮಗೆ ಸಿಕ್ಕಿದ್ದು ಎಂದೋ ಬಿಚ್ಚಿದ ಟೇಪ್ ರೆಕಾರ್ಡರಿನ ತುಂಡು ವೈರು, ಜೋರು ಹಾರ್ನಿಗೆ ಎಳೆದ ಲೈನು, ಗಣಪತಿ ಮುಂದಿನ ಕೆಂಪು ಬಲ್ಬಿಗೆ ಬರೀ ಕೈಯಲ್ಲಿ ತಿರುವಿ ಟೇಪ್ ಸುತ್ತಿದ ಜೋಡಣೆ. ನಮ್ಮ ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಜಾರಿ, ತಾಮ್ರ ಹೊರಗೆ ಕಾಣ್ತಿತ್ತು.

ಇದು ಇಬ್ಬರೇ ಮಾಡಬೇಕಾದ ಕೆಲಸ. ಒಬ್ಬರು ಒಳಗೆ ಸ್ವಿಚ್ ಹತ್ತಿರ, ಇನ್ನೊಬ್ಬರು ಹೊರಗೆ ಲೈಟಿನ ಹತ್ತಿರ.

“ರೀ, ಎಡಗಡಿ ಇಂಡಿಕೇಟರ್ ಹಾಕ್ರಿ.”

“ಹಾಕೀನಿ. ಹತ್ತಿತೇನು?”

“ಇಂಡಿಕೇಟರ್ ಹತ್ತವಲ್ದು. ಬ್ರೇಕ್ ಲೈಟ್ ಮಿಣಮಿಣ ಅನ್ನಾಕತ್ತೈತಿ!”

ಒಂದು ಒತ್ತಿದರೆ ಇನ್ನೊಂದು ಹತ್ತೋದು ದೆವ್ವದ ಕಾಟ ಅಲ್ಲ, ಅರ್ಥಿಂಗ್ ಕೆಟ್ಟ ಲಕ್ಷಣ. ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ನೇರ ತಗಡಿಗೆ ಸೇರಿರುತ್ತೆ. ಇಡೀ ಬಾಡಿಯೇ ವಾಪಸ್ ಬರುವ ದಾರಿ. ಆ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತೆ. ಬೋಲ್ಟ್ ಬಿಚ್ಚಿ, ಉಪ್ಪುಕಾಗದ ಹಾಕಿ ತಗಡು ಹೊಳೆಯೋ ಹಾಗೆ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸ್ ಸವರಿದರೆ ಅರ್ಧ ಕಾಯಿಲೆ ವಾಸಿ.

ಇನ್ನೊಂದು ಪರೀಕ್ಷೆ: ಎಲ್ಲ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ತಂತಿಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಜಾಗದಲ್ಲಿಟ್ಟು ನೋಡಿ. ಆಗ ಕೀಲಿ ತಿರುಗಿಸಿ ಸ್ಟಾರ್ಟ್ ಮಾತ್ರ ಮಾಡಬೇಡಿ, ಮೀಟರ್ ಸುಟ್ಟುಹೋಗುತ್ತೆ. ಇಂಥ ಗಾಡಿಯಲ್ಲಿ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. ಅರ್ಧ ಆಂಪಿಯರ್ ಸೋರ್ತಿದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ. ಓಮ್ನಿಯ 35ರ ಆಸುಪಾಸಿನ ಬ್ಯಾಟರಿ ಮೂರು ದಿನದೊಳಗೆ ಮಲಗುತ್ತೆ. ಒಬ್ಬರು ಮೀಟರ್ ನೋಡ್ತಾ ಕೂತರೆ, ಇನ್ನೊಬ್ಬರು ಒಂದೊಂದೇ ಫ್ಯೂಜ್ ಕೀಳಬೇಕು. ಯಾವುದನ್ನ ಕಿತ್ತಾಗ ಅಂಕಿ ಇಳಿಯುತ್ತೋ ಕಳ್ಳ ಆ ಲೈನಿನಲ್ಲೇ ಇದ್ದಾನೆ.

ಬಿಚ್ಚೋ ಮುಂಚೆ ಫೋಟೊ ತೆಗೀರಿ. ಪ್ರತಿ ವೈರಿನ ಎರಡೂ ತುದಿಗೆ ಕಾಗದದ ಟೇಪ್ ಅಂಟಿಸಿ ನಂಬರ್ ಬರೀರಿ. ಅದೇ ನಂಬರ್ ನೋಟ್‌ಬುಕ್ಕಿನಲ್ಲೂ ಇರಲಿ. ಬರೆಯೋ ಕೆಲಸ ಸರದಿ ಪ್ರಕಾರ ಮಾಡಿ. ಯಾಕೆ ಅನ್ನೋದು ಮುಂದೆ ಹೇಳ್ತೀನಿ.

ಎಷ್ಟು ಕರೆಂಟು ಬೇಕು?

ಬ್ಯಾಟರಿ ಕೊಳ್ಳೋ ಮುಂಚೆ ಒಂದು ರಾತ್ರಿಯ ಖರ್ಚು ಬರೆದುಕೊಳ್ಳಿ. ನಮ್ಮದು ಹೀಗಿತ್ತು:

5 ವ್ಯಾಟಿನ ಎರಡು ಎಲ್‌ಇಡಿ, 5 ಗಂಟೆ: 50 ವ್ಯಾಟ್-ಅವರ್.
20 ವ್ಯಾಟಿನ 12 ವೋಲ್ಟ್ ಫ್ಯಾನ್, 8 ಗಂಟೆ: 160.
ಎರಡು ಫೋನ್: ಸುಮಾರು 40.
ಲ್ಯಾಪ್‌ಟಾಪ್ ಒಂದು ಸಲ: ಸುಮಾರು 80.

ಒಟ್ಟು 330. ದಾರಿಯಲ್ಲಿ ಪೋಲಾಗೋದು ಸೇರಿಸಿದರೆ 400 ಅಂತ ಹಿಡೀರಿ.

100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತೆ. ಕೈಗೆ ಸಿಗೋದು 600. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280ರ ಪೈಕಿ ಸಾವಿರ ಬಳಸಬಹುದು, ತೂಕವೂ ಕಡಿಮೆ. ಬೆಲೆ ಜಾಸ್ತಿ. ಶನಿವಾರ, ಭಾನುವಾರದ ತಿರುಗಾಟಕ್ಕೆ ಅದರ ಅರ್ಧ ಅಳತೆಯೂ ನಡೆಯುತ್ತೆ, ಯಾಕಂದ್ರೆ ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ. 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಮೋಡ ಇಲ್ಲದ ದಿನ 350 ವ್ಯಾಟ್-ಅವರ್ ಆಸುಪಾಸು ಕೊಡುತ್ತೆ. ಮಡಚೋ ಪ್ಯಾನೆಲ್ ತಗೊಂಡರೆ ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ ಇಡಬಹುದು.

ಈ ಲೆಕ್ಕ ಗೊತ್ತಾದರೆ ಒಂದು ಆಸೆ ತಾನಾಗೇ ಕಳಚುತ್ತೆ: ಇಂಡಕ್ಷನ್ ಒಲೆ. 1,500 ವ್ಯಾಟನ್ನು 12 ವೋಲ್ಟಿನಿಂದ ಎಳೆದರೆ 125 ಆಂಪಿಯರ್. ಹೆಬ್ಬೆರಳು ಗಾತ್ರದ ಕೇಬಲ್ ಬೇಕು. ರೊಟ್ಟಿ, ಹಿಂಡಿ, ಮೊಸರಿನ ಬುತ್ತಿ ಕಟ್ಟಿಕೊಂಡು ಹೋಗೋದೇ ಮೇಲು.

ಎರಡನೇ ಬ್ಯಾಟರಿಯನ್ನು ಗಾಡಿಯ ಬ್ಯಾಟರಿಗೆ ಸುಮ್ಮನೆ ತಂತಿಯಲ್ಲಿ ಜೋಡಿಸಬೇಡಿ. ರಾತ್ರಿಯಿಡೀ ಫ್ಯಾನ್ ತಿರುಗಿ ಬೆಳಗ್ಗೆ ಗಾಡಿಯೇ ಸ್ಟಾರ್ಟ್ ಆಗದೇ ಇರಬಹುದು. ಲಿಥಿಯಂ ಆದರೆ ಸಣ್ಣ ಆಲ್ಟರ್ನೇಟರನ್ನು ಹಿಂಡಿ ಹಾಕುತ್ತೆ. ನಡುವೆ ‘ಡಿಸಿ ಟು ಡಿಸಿ’ ಚಾರ್ಜರ್ ಇರಲಿ, ಅದೂ ಸಣ್ಣ ಆಂಪಿಯರಿನದು. ಇಲ್ಲವೇ ಎರಡನೇ ಬ್ಯಾಟರಿಯನ್ನು ಬರೀ ಸೋಲಾರ್‌ನಿಂದಲೇ ತುಂಬಿಸಿ.

ವೈರಿನ ದಪ್ಪ, ಫ್ಯೂಜಿನ ಬಣ್ಣ

ಮನೆಯಲ್ಲಿ 230 ವೋಲ್ಟು, ವ್ಯಾನಿನಲ್ಲಿ ಬರೀ 12. ಅಷ್ಟೇ ಕೆಲಸಕ್ಕೆ ಹತ್ತೊಂಬತ್ತು ಪಟ್ಟು ಹೆಚ್ಚು ಆಂಪಿಯರ್ ಹರಿಯಬೇಕು. 12 ವೋಲ್ಟು ತಾನೇ, ಶಾಕ್ ಹೊಡೆಯಲ್ಲ ಅನ್ನೋದು ನಿಜ. ಆದರೆ ಬೆಂಕಿ ಹತ್ತಿಸೋದು ವೋಲ್ಟ್ ಅಲ್ಲ, ಸಣ್ಣ ತಂತಿಯಲ್ಲಿ ಹರಿಯೋ ದೊಡ್ಡ ಆಂಪಿಯರ್.

ಒಂದು ಉದಾಹರಣೆ. ಬ್ಯಾಟರಿಯಿಂದ 4 ಮೀಟರ್ ದೂರದಲ್ಲಿ 5 ಆಂಪಿಯರ್ ಬೇಕು ಅನ್ನಿ. 0.75 ಚದರ ಮಿಲಿಮೀಟರ್ ವೈರ್ ಹಾಕಿದರೆ ಹೋಗಿ ಬರೋ ದಾರಿಯಲ್ಲೇ ಹತ್ತಿರ ಹತ್ತಿರ 1 ವೋಲ್ಟ್ ಶಾಖವಾಗಿ ಪೋಲು. 2.5ರ ವೈರಿನಲ್ಲಿ 0.3 ವೋಲ್ಟ್ ಅಷ್ಟೇ. ಮನೆಗೆ ಹಾಕೋ ಒಂಟಿ ಎಳೆಯ ಗಟ್ಟಿ ತಂತಿ ಬೇಡ. ಗಾಡಿಯ ಕುಲುಕಾಟಕ್ಕೆ ಮುರಿಯುತ್ತೆ. ಸಣ್ಣ ಎಳೆಗಳ, ಮೆತ್ತಗಿರೋ ವೈರು ಬೇಕು. ಜೋಡಣೆಗೆ ಕೈಯಲ್ಲಿ ತಿರುವೋದು ಬಿಟ್ಟು, ಲಗ್ ಹಾಕಿ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ. ತಗಡಿನ ತೂತಿನಲ್ಲಿ ವೈರ್ ಹಾಯೋ ಕಡೆ ರಬ್ಬರ್ ಬಳೆ ಇರಲೇಬೇಕು.

ಫ್ಯೂಜ್ ಬ್ಯಾಟರಿ ಪಕ್ಕದಲ್ಲೇ, ಗೇಣಿನೊಳಗೆ ಇರಬೇಕು. ಫ್ಯಾನಿನ ಹತ್ತಿರ ಫ್ಯೂಜ್ ಇದ್ದು, ನಡುವೆ ವೈರ್ ಉಜ್ಜಿ ಶಾರ್ಟ್ ಆದರೆ ಆ ಫ್ಯೂಜಿಗೆ ಗೊತ್ತೇ ಆಗಲ್ಲ. ಇನ್ನೂ ಒಂದು ಮಾತು: ಫ್ಯೂಜ್ ಕಾಯೋದು ಫ್ಯಾನನ್ನಲ್ಲ, ವೈರನ್ನ. ಆ ವೈರ್ ತಡೆಯೋದಕ್ಕಿಂತ ಕಡಿಮೆ ಅಳತೆಯದ್ದೇ ಇರಲಿ. ಬ್ಲೇಡ್ ಫ್ಯೂಜಿನಲ್ಲಿ ಬಣ್ಣವೇ ಭಾಷೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. 2.5ರ ವೈರಿಗೆ ನಾವು ನೀಲಿ ಹಾಕಿದೆವು. ಪದೇ ಪದೇ ಸುಟ್ಟರೆ ಕಾರಣ ಹುಡುಕಬೇಕೇ ಹೊರತು ಹಸಿರು ಫ್ಯೂಜನ್ನೋ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದವನ್ನೋ ತುರುಕಬಾರದು.

ಬಿಸಿಲು, ಹೊಗೆ, ಬೆಂಕಿ

ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತೆ. ಮುಚ್ಚಿದ ವ್ಯಾನಿನೊಳಗೆ ಇನ್ನೂ ಹೆಚ್ಚು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಓಮ್ನಿಯ ಮುಂದಿನ ಸೀಟಿನ ಕೆಳಗೆ ಇಂಜಿನ್ ಇರೋದ್ರಿಂದ ಬ್ಯಾಟರಿ ಪೆಟ್ಟಿಗೆ ಅಲ್ಲಿ ಬೇಡ. ಹಿಂದೆ, ಗಾಳಿ ಆಡೋ ಕಡೆ, ಅಲುಗಾಡದ ಹಾಗೆ ಪಟ್ಟಿ ಬಿಗಿದು ಇಡಿ. ವ್ಯಾನಿಗೆ ಗ್ಯಾಸ್ ಕಿಟ್ ಇದ್ದರೆ ಅದರ ಟ್ಯಾಂಕಿನಿಂದ ಸಾಧ್ಯವಾದಷ್ಟು ದೂರ.

ಇದೆಲ್ಲ ಅತಿ ಎಚ್ಚರ ಅನಿಸಬಹುದು. 2020ರ ಆಗಸ್ಟ್‌ನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹಿರಿಯೂರಿನ ಬಳಿ ನಸುಕಿನಲ್ಲಿ ಹೊತ್ತಿ ಉರಿದು ಐದು ಜನ ತೀರಿಹೋದರು, ಅವರಲ್ಲಿ ಮಕ್ಕಳೂ ಇದ್ದರು. ನಮ್ಮ ಜಿಲ್ಲೆಯವರಿಗೆ ಅದು ಮರೆಯೋ ಸುದ್ದಿಯಲ್ಲ. ನಿದ್ದೆಯಲ್ಲಿರೋರಿಗೆ ಗಾಡಿಯ ಬೆಂಕಿ ಯೋಚಿಸೋಕೆ ಸಮಯ ಕೊಡಲ್ಲ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರ ಬಳಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣ ಅಂತ ತನಿಖೆಯಲ್ಲಿ ಗೊತ್ತಾಯ್ತು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದಕ್ಕೇ ಇಂಜಿನ್ ಚಾಲೂ ಇಟ್ಟು ಮಲಗಬೇಡಿ, ಮುಚ್ಚಿದ ವ್ಯಾನಿನಲ್ಲಿ ಒಲೆ ಹಚ್ಚಬೇಡಿ, ಎರಡು ಕಡೆ ಕಿಟಕಿ ಬೆರಳಷ್ಟಾದರೂ ತೆರೆದಿಡಿ. ಬ್ಯಾಟರಿ ಮೇಲೆ ನಡೆಯೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು, ಬೆಂಕಿ ಆರಿಸೋ ಸಣ್ಣ ಸಿಲಿಂಡರ್ ಒಂದು, ಮಲಗಿದಲ್ಲಿಂದ ಕೈಗೆ ಎಟುಕೋ ಹಾಗಿರಲಿ.

ಒಬ್ಬರಿಗೆ ಮಾತ್ರ ಗೊತ್ತಿದ್ದರೆ

ನೋಟ್‌ಬುಕ್ ಸರದಿ ಪ್ರಕಾರ ಬರೀಬೇಕು ಅಂದಿದ್ದು ಇದಕ್ಕೇ. ಇಬ್ಬರು ಸೇರಿ ಇಂಥ ಕೆಲಸ ಮಾಡೋವಾಗ ಒಂದು ವಾರದೊಳಗೆ ತಾನಾಗೇ ಒಂದು ಪಾಲುಪಟ್ಟಿ ಬೀಳುತ್ತೆ. ವೈರು, ಮೀಟರು ಒಬ್ಬರ ಕೈಗೆ. ಪರದೆ, ಹಾಸಿಗೆ, ಟೀ ಇನ್ನೊಬ್ಬರ ಕೈಗೆ. ಯಾರ ಕೈಗೆ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಎಷ್ಟೋ ಮನೆಗಳಲ್ಲೂ ಹೀಗೇ: ಎಂಸಿಬಿ ಬಿದ್ದರೆ ಅವರು ಆಫೀಸಿಂದ ಬರೋತನಕ ಕತ್ತಲು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಬೇಕಂದ್ರೆ ಇವರನ್ನೇ ಕೂಗಬೇಕು.

ಮನೆಯಲ್ಲಿ ನಡೆಯುತ್ತೆ. ಹೆದ್ದಾರಿ ಪಕ್ಕ ನಿಂತ ವ್ಯಾನಿನಲ್ಲಿ ರಾತ್ರಿ ಎರಡಕ್ಕೆ ಸುಟ್ಟ ವಾಸನೆ ಬಂದಾಗ, ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿರೋರು ಬಹಿರ್ದೆಸೆಗೆ ಹೋಗಿದ್ದರೆ? ಅಥವಾ ಜ್ವರ ಬಂದು ಮಲಗಿದ್ದರೆ?

ಅಂಗಳದಲ್ಲಿ ಕೂತು ನಮ್ಮ ಕೆಲಸ ನೋಡ್ತಿದ್ದ ಅತ್ತಿ ಒಂದಿನ ಅಂದರು: “ಚಕ್ಕಡಿ ಅಚ್ಚಿಗಿ ಕೀಲೆಣ್ಣಿ ಹಾಕೂದು ಮನ್ಯಾಗ ಎಲ್ಲಾರಿಗೂ ಗೊತ್ತಿತ್ತವ್ವಾ. ಹೆಣ್ಣಮಕ್ಕಳಿಗೂ, ಹುಡುಗರಿಗೂ. ನಟ್ಟ ದಾರ್‍ಯಾಗ ಗಾಲಿ ಕೂತ್ರ ಯಾರ ಕಾದು ಕುಂದ್ರತಾರ?”

ಆವತ್ತಿಂದ ನಮ್ಮದೊಂದು ನಿಯಮ. ವ್ಯಾನಿನ ವಿಷಯದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರೋದು ಅಂತ ಏನೂ ಇರಬಾರದು. ಮಧ್ಯಾಹ್ನ ಮಾವನವರು ಸುಮ್ಮನೆ ಒಂದು ಫ್ಯೂಜ್ ಕಿತ್ತಿಡೋರು, ನಾನೊಬ್ಬಳೇ ಹುಡುಕಬೇಕು. ಮರುದಿನ ಅವರ ಮಗನ ಸರದಿ. ಪಕ್ಕದಲ್ಲಿರೋರು ತುಟಿ ಪಿಟಕ್ ಅನ್ನೋ ಹಾಗಿಲ್ಲ. ನಿಜ ಹೇಳಬೇಕಂದ್ರೆ ಹುಡುಕೋದಕ್ಕಿಂತ ಸುಮ್ಮನಿರೋದೇ ಕಷ್ಟ! ನಕ್ಷೆಯನ್ನೂ ಹಾಗೇ ಮಾಡಿದೆವು: ಒಬ್ಬರು ಬರೆದ ಹಾಳೆ ನೋಡಿಕೊಂಡು ಇನ್ನೊಬ್ಬರು ವೈರ್ ಎಳೀಬೇಕು. ಬರೆದದ್ದು ಅರ್ಥ ಆಗದಿದ್ದರೆ ಹಾಳೆ ಮತ್ತೆ ಬರೀಬೇಕು. ಈ ಜಗಳ ಅಂಗಳದಲ್ಲಿ ಮುಗಿದರೆ ಹೆದ್ದಾರಿಯಲ್ಲಿ ಉಳಿಯಲ್ಲ.

ಎಲ್ಲವನ್ನೂ ನಾವೇ ಮಾಡಬೇಕು ಅಂತಲೂ ಇಲ್ಲ. ಕಡೆಗೆ ಅನುಭವ ಇರೋ ಆಟೊ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಪ್ರತಿ ಜೋಡಣೆ ತೋರಿಸಿ. ಅವರು ಕೇಳೋ ಪ್ರಶ್ನೆಗೆ ಇಬ್ಬರೂ ಉತ್ತರ ಕೊಡಬಲ್ಲಿರಾದರೆ ಗಾಡಿ ತಯಾರು.

ಹೊರಡೋ ಮುಂಚೆ

ಮೊದಲ ಪ್ರಯಾಣ ಗೋವಾ, ಲಡಾಖ್ ಬೇಡ. ಮನೆಗೆ ವಾಪಸ್ ಬರೋ ದೂರ ಇರಲಿ. ತಾಂಬಾದಂಥ ಊರಿಂದ ಹೊರಟರೆ ಕ್ರಿ.ಶ. 945ರ ಶಾಸನ ಸಿಕ್ಕ ಸಾಲೋಟಗಿ ಒಂದು ಬೆಳಗಿನ ದಾರಿ. ರಾತ್ರಿ ಉಳಿಯೋದಾದರೆ ಬಸವನ ಬಾಗೇವಾಡಿ, ಆಲಮಟ್ಟಿ ನೋಡಿಕೊಂಡು ಕೂಡಲಸಂಗಮ. ಎಲ್ಲಾದರೂ ಸರಿ, ಜಾಗದವರನ್ನ ಕೇಳಿ, ಶೌಚಾಲಯ ಇರೋ ಕಡೆಯೇ ನಿಲ್ಲಿಸಿ: ಯಾತ್ರಿ ನಿವಾಸದ ಆವರಣ, ಪೆಟ್ರೋಲ್ ಬಂಕು, ಬೀಗರ ಮನೆ ಅಂಗಳ. ಹೆಣ್ಣುಮಕ್ಕಳಿಗೆ ಫೇರಿ ಲೈಟಿಗಿಂತ ಇದು ಮುಖ್ಯ. ಗಾಡಿಯ ಮುಖ ಹೊರದಾರಿ ಕಡೆ ಇರಲಿ, ಕೀಲಿ ಒಂದೇ ಜಾಗದಲ್ಲಿ ಇರಲಿ.

ನಿಮ್ಮ ಹತ್ತಿರ ವ್ಯಾನ್ ಇಲ್ಲದಿದ್ದರೂ ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಮೀಟರ್ ಬೋರ್ಡ್ ಮುಂದೆ ಇಬ್ಬರೂ ನಿಂತು, ಯಾವ ಎಂಸಿಬಿ ಯಾವ ಕೋಣೆಗೆ ಅಂತ ಒಂದೊಂದಾಗಿ ಆಫ್ ಮಾಡಿ ನೋಡಿ, ಪಕ್ಕದಲ್ಲಿ ಪೆನ್ನಿನಿಂದ ಬರೆದಿಡಿ. ಹತ್ತು ನಿಮಿಷದ ಕೆಲಸ. ಮಕ್ಕಳಿದ್ದರೆ ಅವರನ್ನೂ ಕರೀರಿ.